ಫೊಲಾವು ಉದ್ದೇಶ ಇಟ್ಟುಕೊಂಡು ಹೊರಟ ಶನಿವಾರ

ಆ ಶನಿವಾರ ಫೊಲಾವುಗೆ ಒದಗಿದ ಗ್ರಹಚಾರಕ್ಕೆಲ್ಲ ಮೂಲ, ಶುಕ್ರವಾರ ಕಚೇರಿಯಲ್ಲಿ ಹಾಕಿದ ಪುಕ್ಕಟೆ ಊಟ.

ಪಂಗಾಯ್ ಬಂದರಿನಲ್ಲಿ ಹಡಗಿಗೆ ಹೋಗುವ ಗೆಣಸು, ಕೆಸುವಿನ ಗಡ್ಡೆಗಳ ಮೂಟೆ ತೂಗಿ ಚೀಟಿ ಬರೆಯುವುದು ಫೊಲಾವುವಿನ ಕೆಲಸ. ವಯಸ್ಸು ನಲವತ್ತಾರು. ಮದುವೆಯಾಗಿರಲಿಲ್ಲ, ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವನಿಗೂ ಆಶ್ಚರ್ಯವೇ ಆಗುತ್ತಿತ್ತು. ‘ಗುರಿಯಿಟ್ಟು ಬದುಕುವುದು ಹೇಗೆ’ ಎಂಬ ತರಬೇತಿ ಇದೆ, ಮಧ್ಯಾಹ್ನ ಕೋಳಿ ಊಟವೂ ಇದೆ ಎಂದು ಸಾಹೇಬರು ಹೇಳಿದಾಗ ಅವನ ಕಿವಿಗೆ ಬಿದ್ದದ್ದು ಎರಡನೆಯ ಅರ್ಧ ಮಾತ್ರ.

ರಾಜಧಾನಿಯಿಂದ ಬಂದಿದ್ದ ಕಲೊಲೈನೆ ಮೇಡಂ ಬಿಳಿ ಬೂಟು ಹಾಕಿಕೊಂಡು, ಕೋಣೆಯ ತುಂಬ ಓಡಾಡುತ್ತ ಒಬ್ಬೊಬ್ಬರನ್ನೇ ಹಿಡಿದು ಕೇಳುತ್ತಿದ್ದರು. ಫೊಲಾವುವಿನ ಸರದಿ ಬಂತು.

“ನಿನ್ನೆ ಸಂಜೆ ಐದು ಗಂಟೆಗೆ ಎಲ್ಲಿದ್ರಿ?”

“ಲೂಪೆ ಅಂಗಡಿ ಬೆಂಚಿನ ಮೇಲೆ.”

“ಏನ್ ಮಾಡ್ತಿದ್ರಿ?”

“ಕೂತಿದ್ದೆ ಮೇಡಂ.”

“ಯಾಕೆ?”

ಫೊಲಾವು ಚಾವಣಿ ನೋಡಿದ. ಅಲ್ಲಿ ಉತ್ತರ ಇರಲಿಲ್ಲ, ಒಂದು ಹಲ್ಲಿ ಇತ್ತು.

“ಸುಮ್ನೆ,” ಅಂದ.

“ಎಷ್ಟು ದಿನದಿಂದ ಹೀಗೆ ಸುಮ್ನೆ ಕೂತ್ಕೊಳ್ತಿದ್ದೀರಿ?”

“ಆರು ವರ್ಷ ಆಯ್ತು ಮೇಡಂ.”

ಕೋಣೆ ಗೊಳ್ಳೆಂದಿತು. ಮೇಡಂ ಮಾತ್ರ ನಗಲಿಲ್ಲ. ಹಲಗೆಯ ಮೇಲೆ ಗುಣಿಸಿ, ಭಾಗಿಸಿ, “ನೋಡಿ, ದಿನಕ್ಕೊಂದು ಗಂಟೆ ಅಂದ್ರೂ ಮೂರು ತಿಂಗಳು ಹಗಲೂ ರಾತ್ರಿ ಒಂದೇ ಬೆಂಚಿನ ಮೇಲೆ ಕೂತಿದ್ದೀರಿ!” ಎಂದರು.

“ಭಾನುವಾರ ಅಂಗಡಿ ತೆಗೆಯಲ್ಲ ಮೇಡಂ,” ಎಂದ ಫೊಲಾವು, ಲೆಕ್ಕ ಸರಿಯಾಗಿರಲಿ ಎಂದು.

ಮೇಡಂ ಸೀಮೆಸುಣ್ಣ ಕೆಳಗಿಟ್ಟರು. “ಕೇಳಿ ಎಲ್ಲರೂ. ನಮ್ಮ ಜನದ ದೊಡ್ಡ ರೋಗ ಇದು. ದಾರೀಲಿ ಯಾರಾದ್ರೂ ಎಲ್ಲಿಗೆ ಹೊರಟ್ರಿ ಅಂದ್ರೆ ‘ಸುಮ್ನೆ’ ಅಂತೀವಿ. ನಾಳೆಯಿಂದ ಆ ಮಾತು ಬಿಡಿ. ಯಾಕೆ ಹೊರಟಿದ್ದೀರೋ ಅದನ್ನ ಬಾಯಿ ಬಿಟ್ಟು, ಜೋರಾಗಿ ಹೇಳಿ. ಜೋರಾಗಿ ಹೇಳಿದ ಕೆಲಸ ಅರ್ಧ ಆದ ಹಾಗೆ.”

ಕೋಳಿ ಚೆನ್ನಾಗಿತ್ತು. ಆದರೆ ಊಟದ ಜೊತೆ ಆ ಮಾತೂ ಹೊಟ್ಟೆಗೆ ಹೋಗಿ ಅರಗದೆ ಕೂತುಬಿಟ್ಟಿತು. ಮನೆಗೆ ಬಂದವನು ಮೆಟ್ಟಿಲ ಮೇಲೆ ಕೂತು ಯೋಚಿಸಿದ. ಆರು ವರ್ಷ ನಾನು ಅಲ್ಲಿ ಯಾಕೆ ಕೂತೆ? ರೊಟ್ಟಿ ಕೊಳ್ಳುವುದಕ್ಕೆ ಐದು ನಿಮಿಷ ಸಾಕು. ಗಾಳಿ ಬೇಕಾದರೆ ಮನೆ ಮುಂದೆಯೇ ಸಮುದ್ರವಿದೆ. ಲೂಪೆ ಒಲೆಯ ಹತ್ತಿರ ಕೆಲಸ ಮಾಡುತ್ತ ಏನೋ ಗುನುಗುತ್ತಾಳೆ, ನಡುನಡುವೆ ಕಿಟಕಿಯಿಂದ “ಇವತ್ತು ಹಡಗು ತಡವಾ?” ಅನ್ನುತ್ತಾಳೆ, ತಾನು “ಹೂಂ” ಅನ್ನುತ್ತಾನೆ. ಇಷ್ಟೇ. ಇಷ್ಟಕ್ಕೆ ಆರು ವರ್ಷವೇ?

ಸೂರ್ಯ ನೀರಿಗೆ ಇಳಿಯುವ ಹೊತ್ತಿಗೆ ಉತ್ತರ ಹೊಳೆಯಿತು. ತೆಂಗಿನಕಾಯಿ ನೆತ್ತಿಯ ಮೇಲೆ ಬಿದ್ದಂತೆ ಹೊಳೆಯಿತು. ತಾನು ಲೂಪೆಯನ್ನು ಮದುವೆಯಾಗಬೇಕು!

ಇಷ್ಟು ಸರಳವಾದ ವಿಷಯ ಇಷ್ಟು ವರ್ಷ ತನಗೇ ಗೊತ್ತಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

*

ಶನಿವಾರ ಮಧ್ಯಾಹ್ನ ಮೂರಕ್ಕೆ ಫೊಲಾವು ಎರಡು ಸಲ ಸ್ನಾನ ಮಾಡಿ, ಬಿಳಿ ಅಂಗಿ, ಕಪ್ಪು ಪಂಚೆ ಉಟ್ಟು, ಅದರ ಮೇಲೆ ಸೊಂಟಕ್ಕೆ ನೇಯ್ದ ಚಾಪೆ ಬಿಗಿದುಕೊಂಡು ಹೊರಟ. ದೊಡ್ಡವರ ಎದುರು, ದೇವರ ಎದುರು, ಹೆಣದ ಎದುರು ಹೋಗುವಾಗ ಮಾತ್ರ ಕಟ್ಟುವ ಚಾಪೆ ಅದು. ಶನಿವಾರ ಅದನ್ನು ಕಟ್ಟಿಕೊಂಡು ಬೀದಿಗೆ ಇಳಿಯುವುದೆಂದರೆ ತಮಟೆ ಬಾರಿಸಿದ ಹಾಗೆಯೇ.

ಪಕ್ಕದ ಮನೆಯ ವಿಕಾ ಬಟ್ಟೆ ಒಣಗಹಾಕುತ್ತಿದ್ದವಳು ಎದೆ ಮುಟ್ಟಿಕೊಂಡಳು. “ಅಯ್ಯೋ ದೇವ್ರೇ, ಯಾರು ಹೋದ್ರು?”

“ಯಾರೂ ಹೋಗಿಲ್ಲ.”

“ಮತ್ತೆ? ಹಿಂಗೆ ಸಿಂಗರಿಸ್ಕೊಂಡು ಎಲ್ಲಿಗೆ ಹೊರಟ್ಯಪ್ಪಾ?”

‘ಸುಮ್ನೆ’ ಅನ್ನುವ ಮಾತು ಹಳೇ ನಾಯಿಯ ಹಾಗೆ ತಾನೇ ಎದ್ದು ನಾಲಿಗೆಯ ತುದಿಗೆ ಬಂತು. ಫೊಲಾವು ಅದನ್ನು ಅಟ್ಟಿ, ಗಂಟಲು ಸರಿಮಾಡಿಕೊಂಡು, ಮೇಡಂ ಹೇಳಿದ್ದಂತೆ ಜೋರಾಗಿ ಹೇಳಿದ:

“ಲೂಪೇನ ಮದುವೆ ಆಗ್ತೀಯಾ ಅಂತ ಕೇಳೋಕೆ ಹೊರಟಿದ್ದೀನಿ!”

ವಿಕಾಳ ಕೈಯಲ್ಲಿದ್ದ ಗಂಡನ ಅಂಗಿ ಮಣ್ಣಿಗೆ ಬಿತ್ತು. ಎತ್ತಲಿಲ್ಲ. “ಒಂದ್ ನಿಮಿಷ ಇಲ್ಲೇ ಇರು,” ಎಂದವಳೇ ಬೇಲಿ ಹಾರಿ ಓಡಿದಳು. ಐವತ್ತೆಂಟರ ಹೆಂಗಸು ಬೇಲಿ ಹಾರಿದ್ದನ್ನು ಫೊಲಾವು ಅದೇ ಮೊದಲು ನೋಡಿದ್ದು. ಆ ಬೆರಗಿನಲ್ಲಿ ಅವನು ನಿಜವಾಗಿಯೂ ಒಂದು ನಿಮಿಷ ಅಲ್ಲೇ ನಿಂತ. ಅದೇ ಅವನು ಮಾಡಿದ ತಪ್ಪು.

ವಿಕಾ ಕರೆತಂದದ್ದು ಅತೆಲೈತೆಯನ್ನು. ಫೊಲಾವುವಿನ ಅಪ್ಪನ ಅಕ್ಕ. ಆ ಊರಿನಲ್ಲಿ ಪಾದ್ರಿಯ ಮಾತಿಗೆ ಎದುರಾಡಿದವನಿಗೆ ಕ್ಷಮೆ ಸಿಕ್ಕೀತು, ಸೋದರತ್ತೆಗೆ ಎದುರಾಡಿದವನಿಗೆ ಕುಡಿಯಲು ನೀರೂ ಸಿಗುವುದಿಲ್ಲ. ಎಪ್ಪತ್ತು ವಯಸ್ಸು, ಅಷ್ಟಕ್ಕೆ ತಕ್ಕ ಗಾತ್ರ. ಊರ ಯಜಮಾನ ಮೊಸೆಸೆಯ ಸಣ್ಣ ಲಾರಿಯ ಹಿಂಭಾಗದಲ್ಲಿ ಕುರ್ಚಿ ಹಾಕಿಸಿಕೊಂಡು, ರಾಣಿಯ ಹಾಗೆ ಬಂದಿಳಿದಳು.

“ಏನೋ ಇದು, ನಾನು ಸತ್ತುಹೋದ್ನೇನೋ?”

“ಇಲ್ಲ ಅತ್ತೆ.”

“ಮತ್ತೆ ನಿನ್ನ ಹೆಣ್ಣನ್ನ ನೀನೇ ಹೋಗಿ ಕೇಳ್ತೀಯಾ? ಮೀನು ಕೇಳೋ ಹಾಗೆ?”

“ಅತ್ತೆ, ಹೋಗಿ ಎರಡು ಮಾತು ಕೇಳಿ ಬರ್ತೀನಿ ಅಷ್ಟೆ. ನನ್ನ ಉದ್ದೇಶ...”

“ಉದ್ದೇಶ ನಿಂದು, ಮಾತು ನಂದು. ಇವನ ಕೈ ನೋಡ್ರೋ! ಬರಿಗೈ! ಹೆಣ್ಣು ಕೇಳೋಕೆ ಬರಿಗೈಲಿ ಹೊರಟ ಗಂಡಸನ್ನ ನಮ್ಮ ವಂಶದಲ್ಲೇ ನಾನು ಕಂಡಿಲ್ಲ. ಅರೆದು ಕುಡಿಯೋಕೆ ಕಾವಾ ಬೇರು ಎಲ್ಲಿ? ಹೆಣ್ಣಿಗೆ ಕೊಡೋ ಚಾಪೆ ಎಲ್ಲಿ? ಹಂದಿ ಎಲ್ಲಿ?”

“ಹಂದಿ ನಾನು ಕೊಡ್ತೀನಿ,” ಎಂದ ಮೊಸೆಸೆ. ಈ ಮೊಸೆಸೆ ಊರ ಯಜಮಾನನಷ್ಟೇ ಅಲ್ಲ, ಚರ್ಚಿನ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುವವನೂ ಹೌದು. ಸಭೆಯಲ್ಲಿ ಮಾತಿಗೆ ನಿಂತರೆ ಮಳೆ ಬಂದರೂ ಕೂರುವವನಲ್ಲ. “ಹೇಗೂ ಇವತ್ತು ಬ್ಯಾಂಡಿನೋರೆಲ್ಲ ಅಭ್ಯಾಸಕ್ಕೆ ಸೇರಿದ್ದಾರೆ. ಊದ್ಕೊಂಡೇ ಹೋಗೋಣ. ಮಾತು ನಾನಾಡ್ತೀನಿ.”

“ನಾನು ಒಬ್ಬನೇ...” ಎಂದ ಫೊಲಾವು.

“ನೀನು ಬಾಯಿ ಮುಚ್ಚು,” ಎಂದಳು ಅತ್ತೆ. “ನಿನ್ನ ಮದುವೆ ವಿಷಯದಲ್ಲಿ ನಿನ್ನದೇನು ಮಾತು? ನಿನಗೆ ಮಾತಾಡೋಕೆ ಬರುತ್ತಾ?”

ನಾಲ್ಕು ಗಂಟೆಗೆ ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡು, ಅದರ ಹಿಂದೆ ಲಾರಿಯ ಮೇಲೆ ಅತ್ತೆ, ಅತ್ತೆಯ ಹಿಂದೆ ಕೋಲಿಗೆ ಕಟ್ಟಿದ ಹಂದಿ, ಹಂದಿಯ ಹಿಂದೆ ಕಾವಾ ಬೇರು ಹೊತ್ತವರು, ಅವರ ಹಿಂದೆ ಗೆಣಸಿನ ಬುಟ್ಟಿ ಹೊತ್ತ ಹೆಂಗಸರು. ಶನಿವಾರ ಸಂಜೆ ಬೇರೇನೂ ಕೆಲಸವಿಲ್ಲದವರೆಲ್ಲ ಸೇರಿಕೊಳ್ಳುತ್ತ ಬಂದರು. ಫೊಲಾವುವಿನ ಹೆಗಲಿಗೆ ಸುರುಳಿ ಸುತ್ತಿದ ದೊಡ್ಡ ಚಾಪೆಯೊಂದನ್ನು ಹೇರಿ ಎಲ್ಲರಿಗಿಂತ ಹಿಂದೆ ನಿಲ್ಲಿಸಿದ್ದರು. ಆ ಚಾಪೆಯ ತೂಕ ಅವನ ಲೆಕ್ಕದಲ್ಲಿ ಎರಡು ಮೂಟೆ ಗೆಣಸು.

ದಾರಿಯಲ್ಲಿ ಸೇರಿಕೊಂಡವನೊಬ್ಬ ಬೆವರುತ್ತಿದ್ದ ಫೊಲಾವುವನ್ನು ಕೇಳಿದ: “ಯಾರದಪ್ಪಾ ಸಂಬಂಧ?”

“ಲೂಪೆದು.”

“ಹೌದಾ! ಗಂಡು ಯಾರು?”

“ನಾನೇ.”

“ತಮಾಷೆ ಬಿಡು ಮಾರಾಯ,” ಎಂದು ಅವನು ನಗುತ್ತ, ಮದುಮಗನನ್ನು ನೋಡಲು ಬಿರಬಿರನೆ ಮುಂದೆ ಹೋದ.

*

ಲೂಪೆಯ ಅಂಗಡಿ ತಲುಪಿದಾಗ ಸರಿಯಾಗಿ ಐದು ಗಂಟೆ.

ಸೂಚನೆಯಂತೆ ಬ್ಯಾಂಡು ಅಲ್ಲಿ ನಿಂತು ಜೋರು ಮಾಡಬೇಕಿತ್ತು. ಮೊಸೆಸೆ ಡೋಲಿಗೆ ಒಂದು ಬಿಟ್ಟ. ಅಷ್ಟು ಹೊತ್ತು ಸಾಧುವಿನ ಹಾಗೆ ತೂಗಾಡುತ್ತ ಬಂದಿದ್ದ ಹಂದಿ ಆ ಏಟಿಗೆ ಬೆಚ್ಚಿ ಒಂದು ಸಲ ಒದರಿತು; ಹಗ್ಗ ಹರಿಯಿತು. ಹೊತ್ತಿದ್ದವರು ಕೆಳಗೆ, ಹಂದಿ ಮೇಲೆ. ಮರುಕ್ಷಣ ಅದು ಅಂಗಡಿಯ ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗಿತು. ಒಳಗಿನಿಂದ ತಗಡಿನ ಪಾತ್ರೆಗಳು ಉರುಳುವ ಸದ್ದು, ಆಮೇಲೆ ಏನೋ ಮೆತ್ತಗಿನದು ದೊಪ್ಪನೆ ಬಿದ್ದ ಸದ್ದು.

ಲೂಪೆ ಬಾಗಿಲಿಗೆ ಬಂದಳು. ನಲವತ್ತೆರಡರ ವಿಧವೆ, ದುಂಡು ಮುಖ, ಮೊಣಕೈವರೆಗೆ ಹಿಟ್ಟು. ಅವತ್ತು ಮಾತ್ರ ಅವಳು ಹಳದಿ ಹೂವಿನ ಹೊಸ ಉಡುಪು ಹಾಕಿದ್ದಳು. ಆ ಗಲಾಟೆಯಲ್ಲಿ ಅದು ಫೊಲಾವು ಒಬ್ಬನ ಕಣ್ಣಿಗೆ ಬಿತ್ತು.

“ಯಾರದ್ರೀ ಈ ಹಂದಿ?” ಎಂದಳು.

“ನಿಂದೇ ಕಣಮ್ಮ!” ಎಂದಳು ಅತ್ತೆ ಲಾರಿಯ ಮೇಲಿನಿಂದ, ತುಂಬು ಪ್ರೀತಿಯಲ್ಲಿ.

ಮೊಸೆಸೆ ಮುಂದೆ ಬಂದು ಮಾತಿಗೆ ನಿಂತ. ಮೊದಲ ದೋಣಿಗಳು ಆ ದ್ವೀಪಕ್ಕೆ ಬಂದಲ್ಲಿಂದ ಶುರುಮಾಡಿದ. ಹಂದಿ ಕೂಗುತ್ತಿತ್ತು, ನಾಲ್ಕು ಜನ ಅಡುಗೆಮನೆಯಲ್ಲಿ ಅದರ ಹಿಂದೆ ಓಡುತ್ತಿದ್ದರು, ನಾದಿಟ್ಟ ಅಷ್ಟೂ ಹಿಟ್ಟು ಹಂದಿಗೆ ಬಿಳಿ ಅಂಗಿಯಾಗಿತ್ತು. ಮೊಸೆಸೆ ದೋಣಿಯಿಂದ ಇಳಿಯಲಿಲ್ಲ. ಅಜ್ಜಂದಿರನ್ನು ಹೊಗಳಿದ, ಬಿರುಗಾಳಿಗಳನ್ನು ಎಣಿಸಿದ, ಬಂದರಿನ ಕಟ್ಟೆಯ ದುರಸ್ತಿ ಬಗ್ಗೆ ಎರಡು ಮಾತು ಸೇರಿಸಿದ. ಆ ಭಾಷಣ ಮುಗಿಯುವುದರೊಳಗೆ ಹೆಂಗಸರು ಹಿತ್ತಿಲಲ್ಲಿ ನೆಲದೊಲೆಗೆ ಗುಂಡಿ ತೋಡಿ, ಕಲ್ಲು ಕಾಯಿಸಿ, ಗೆಣಸು, ಕೆಸುವಿನೆಲೆಯ ಪೊಟ್ಟಣಗಳನ್ನು ಜೋಡಿಸಿಯೂ ಆಯಿತು. ಸಿಕ್ಕಿಬಿದ್ದ ಹಂದಿಯ ಕೂಗು ನಿಂತು, ಅದು ಬೆಂಕಿಯ ಮೇಲೆ ತಿರುಗುತ್ತಲೂ ಇತ್ತು.

“...ಇಂಥಾ ವಂಶದ ಕುಡಿ ನಿನ್ನ ಬಾಗಿಲಿಗೆ ಬಂದಿದೆ ತಾಯಿ,” ಎಂದು ಮೊಸೆಸೆ ಕೊನೆಗೂ ಬೆವರು ಒರೆಸಿಕೊಂಡ. ಕುಡಿ ಎಲ್ಲಿ ಎಂದು ಜನ ಹುಡುಕಿದರು. ಅದು ಚಾಪೆಯ ಹಿಂದೆ ನಿಂತಿತ್ತು.

“ಉತ್ತರ ಹೇಳಮ್ಮ,” ಎಂದಳು ಅತ್ತೆ.

ಲೂಪೆ ಎಲ್ಲರನ್ನೂ ನೋಡಿದಳು. “ಅವರ ಹತ್ರ ಎರಡು ಮಾತು ಆಡ್ಬೇಕು. ಅವರೊಬ್ರೇ ಒಳಗೆ ಬರ್ಲಿ.”

*

ಅಡುಗೆಮನೆ ಯುದ್ಧ ಮುಗಿದ ಬಯಲಿನಂತಿತ್ತು. ಲೂಪೆ ಮಗುಚಿಬಿದ್ದ ಹಿಟ್ಟಿನ ತೊಟ್ಟಿಯನ್ನು ನೆಟ್ಟಗೆ ಮಾಡಿ ಅದರ ಅಂಚಿನ ಮೇಲೆ ಕೂತಳು. ಫೊಲಾವು ನಿಂತೇ ಇದ್ದ.

“ಇವತ್ತು ಬೆಳಿಗ್ಗೆ ಸಿಯಾಲೆ ಬಂದಿದ್ರು,” ಎಂದಳು. ಸಿಯಾಲೆ ಹಡಗಿನ ಇಂಜಿನ್ ರಿಪೇರಿ ಮಾಡುವವನು, ಬಂದರಿನ ಆಚೆ ಕೊನೆಯಲ್ಲಿ ಅವನ ಮನೆ. “ಮದುವೆ ಆಗೋಣ್ವಾ ಅಂದ್ರು. ಸಂಜೆ ಹೇಳ್ತೀನಿ ಅಂದಿದ್ದೆ.”

“ಏನ್ ಹೇಳ್ಬೇಕು ಅಂತಿದ್ರಿ?” ಎಂದ ಫೊಲಾವು.

“ಇಲ್ಲ ಅಂತ.”

ಅವನಿಗೆ ಹೋದ ಜೀವ ಬಂದಂತಾಯಿತು.

“ಅವರಿಗೆ ವಿಪರೀತ ಯೋಜನೆ ಫೊಲಾವು. ದೊಡ್ಡ ಒಲೆ ಹಾಕಿಸ್ಬೇಕಂತೆ, ಎರಡು ಫ್ರಿಜ್ ತರಿಸ್ಬೇಕಂತೆ, ಪಕ್ಕದ ದ್ವೀಪದಲ್ಲಿ ಇನ್ನೊಂದು ಅಂಗಡಿ ಅಂತೆ. ಅರ್ಧ ಗಂಟೆ ಮಾತಾಡಿದ್ರು, ಅದರಲ್ಲಿ ನನ್ನ ಹೆಸರು ಬಂದಿದ್ದು ಒಂದೇ ಸಲ. ಅವರು ಹೋದ್ಮೇಲೆ ಕೂತು ಯೋಚ್ನೆ ಮಾಡಿದೆ. ಈ ಕಿಟಕಿ ಹತ್ರ ಬರೋರೆಲ್ಲ ಏನೋ ಒಂದು ಬೇಕು ಅಂತಾನೇ ಬರ್ತಾರೆ. ಆರು ವರ್ಷದಿಂದ ಏನೂ ಬೇಡದೆ ಬಂದು ಕೂತಿದ್ದು ನೀವೊಬ್ರೇ. ಹಡಗು ತಡವಾ ಅಂದ್ರೆ ಹೂಂ ಅಂತೀರಿ. ಅಷ್ಟೇ. ಆ ‘ಹೂಂ’ ಕೇಳಿದ್ರೆ ನನಗೆ ದಿನದ ಸುಸ್ತೆಲ್ಲ ಇಳಿದುಹೋಗುತ್ತೆ.” ಲೂಪೆ ಬೆರಳಿಗೆ ಅಂಟಿದ ಹಿಟ್ಟನ್ನು ಉಜ್ಜಿಕೊಂಡಳು. “ಇವತ್ತು ಐದಕ್ಕೆ ನೀವು ಬಂದು ಕೂತ ಕೂಡ್ಲೇ ನಾನೇ ಕೇಳೋಣ ಅಂತಿದ್ದೆ. ಅದಕ್ಕೇ ಈ ಉಡುಪು.”

“ಹಾಗಾದ್ರೆ ಕೇಳಿ!” ಫೊಲಾವು ಹೆಚ್ಚುಕಡಿಮೆ ಕೂಗಿದ. “ಈಗ್ಲೇ ಕೇಳಿ!”

“ಯಾರನ್ನ ಕೇಳ್ಲಿ? ಆ ಫೊಲಾವು ಇವತ್ತು ಬರ್ಲೇ ಇಲ್ವಲ್ಲ. ಬಂದಿದ್ದು ಡೋಲು, ಹಂದಿ, ನಿಮ್ಮತ್ತೆ.”

ಅದಕ್ಕೆ ಸಾಕ್ಷಿ ಹೇಳುವಂತೆ ಗೋಡೆಯ ಆಚೆಯಿಂದ ಅತ್ತೆಯ ದನಿ ಕೇಳಿತು: “ವಿಕಾ, ಈ ಕೋಣೇಲಿ ಗಾಳಿ ಚೆನ್ನಾಗಿದೆ ಕಣೆ. ನನ್ನ ಚಾಪೆ ನೇಯೋ ಸಾಮಾನೆಲ್ಲ ಇಲ್ಲಿಗೇ ತಂದಿಡೋಣ. ಆ ರೊಟ್ಟಿ ಹಲಗೆ ತೆಗೆಸಿದ್ರೆ ಹಾಸಿಗೆಗೂ ಜಾಗ ಆಗುತ್ತೆ.”

ಲೂಪೆ ಹುಬ್ಬೇರಿಸಿದಳು.

“ಅವರನ್ನೆಲ್ಲ ಕಳಿಸ್ತೀನಿ,” ಎಂದ ಫೊಲಾವು. “ಇವರು ಯಾರೂ ನನಗೆ ಬೇಕಿರಲಿಲ್ಲ. ನಾನು ಒಬ್ಬನೇ ಹೊರಟಿದ್ದೆ. ಲೂಪೆ, ನಾನು ನಿಜ ಹೇಳ್ತೀನಿ. ಸುಳ್ಳು ಹೇಳಲ್ಲ ಅಂತ ನಿರ್ಧಾರ ಮಾಡಿದ್ದೀನಿ.” ಉಸಿರು ಎಳೆದುಕೊಂಡ. ಹೇಳಬಾರದ ಮಾತನ್ನು ಹೇಳುವ ಮುಂಚೆ ಮನುಷ್ಯನ ಮುಖದಲ್ಲಿ ಒಂದು ಕಳೆ ಬರುತ್ತದೆ. ಅದು ಅವನ ಮುಖದಲ್ಲಿ ಬಂತು. “ಆರು ವರ್ಷ ನಾನು ಆ ಬೆಂಚಿನ ಮೇಲೆ ಕೂತಿದ್ದು ಸುಮ್ನೆ ಅಲ್ಲ. ನಿಮ್ಮನ್ನ ಮದುವೆ ಆಗ್ಬೇಕು ಅಂತಾನೇ ಕೂತಿದ್ದೆ!”

ಲೂಪೆಯ ಕೈ ನಿಂತಿತು.

“ಅಂದ್ರೆ ಅದೂ ಉದ್ದೇಶ ಇಟ್ಕೊಂಡೇನಾ?”

“ಹೌದು! ಪ್ರತಿ ದಿನ!”

“ಅಯ್ಯೋ,” ಎಂದಳು ಲೂಪೆ. ಕೋಪವಿರಲಿಲ್ಲ. ಯಾರೋ ಸತ್ತ ಸುದ್ದಿ ಕೇಳಿದವಳ ಹಾಗಿತ್ತು. “ಅದೊಂದನ್ನಾದ್ರೂ ಹೇಳಬಾರದಿತ್ತು ಫೊಲಾವು.”

“ಆದರೆ ನನಗೆ ಅದು ಗೊತ್ತಾಗಿದ್ದೇ ನಿನ್ನೆ!” ಎಂದು ಅವನು ತೊದಲಿದ. ಅಷ್ಟರಲ್ಲಿ ಅವಳು ಎದ್ದು ಉಡುಪು ಕೊಡವಿಕೊಳ್ಳುತ್ತಿದ್ದಳು.

“ಉದ್ದೇಶ ಇರೋ ಗಂಡಸನ್ನೇ ಕಟ್ಕೋಬೇಕು ಅಂತ ಹಣೇಲಿ ಬರೆದಿದ್ರೆ, ಸಿಯಾಲೆ ಆಗ್ಲಿ ಬಿಡಿ. ಅವರು ಒಬ್ರೇ ಬಂದು, ಬಾಗಿಲು ತಟ್ಟಿ ಕೇಳಿದ್ರು. ನನ್ನ ಹಿಟ್ಟಿಗೆ ಹಂದಿ ಬಿಡ್ಲಿಲ್ಲ.”

*

ಲೂಪೆ ಹೊರಗೆ ಬಂದು, ಬೆಳಿಗ್ಗೆ ಸಿಯಾಲೆ ಕೇಳಿದ್ದನ್ನೂ ತಾನು ಅವನಿಗೆ ಒಪ್ಪಿಗೆ ಕೊಡುತ್ತಿರುವುದನ್ನೂ ಎರಡೇ ಮಾತಿನಲ್ಲಿ ಹೇಳಿದಳು. ಬ್ಯಾಂಡಿನವನೊಬ್ಬ ಕೊಂಬು ಊದಲು ಕೆನ್ನೆ ಉಬ್ಬಿಸಿಕೊಂಡಿದ್ದವನು ಗಾಳಿಯನ್ನು ಹಾಗೇ ನುಂಗಿಕೊಂಡ. ಜನರೆಲ್ಲ ಅತ್ತೆಯ ಮುಖ ನೋಡಿದರು.

ಅತ್ತೆಯ ಮುಖ ಮೊದಲು ಕಪ್ಪಾಯಿತು, ಆಮೇಲೆ ಕೆಂಪಾಯಿತು. ಅಷ್ಟರಲ್ಲಿ ಹಿತ್ತಿಲಿನಿಂದ ಸುಟ್ಟ ಹಂದಿಯ ಘಮಲು ತೇಲಿ ಬಂತು. ಅತ್ತೆ ಮೂಗು ಅರಳಿಸಿದಳು. ನಾಳೆ ಭಾನುವಾರ, ದೇವರ ದಿನ; ಈ ಬೆಂಕಿ, ಈ ಬ್ಯಾಂಡು ಯಾವುದಕ್ಕೂ ನಾಳೆ ಅವಕಾಶವಿಲ್ಲ. ಇಳಿಸಿದ ಚಾಪೆ ಹೊತ್ತುಕೊಂಡು ವಾಪಸು ಹೋದರೆ ವಂಶಕ್ಕೇ ಅವಮಾನ.

“ಸಿಯಾಲೆ ಅಂದ್ರೆ ಯಾರು?” ಎಂದಳು. “ಇಂಜಿನ್ ಸಿಯಾಲೆ ತಾನೇ? ಅವರಜ್ಜಿ ನಮ್ಮಮ್ಮನಿಗೆ ತಂಗಿ ವರಸೆ ಆಗ್ಬೇಕು. ಅವನಿಗೂ ನಾನು ಅತ್ತೆಯೇ! ಊದ್ರೋ!”

ಬ್ಯಾಂಡು ಊದಿತು. ಆ ಸದ್ದಿಗೆ ಏನೆಂದು ನೋಡಲು ಸಿಯಾಲೆ ಸೈಕಲ್ ತುಳಿದುಕೊಂಡು ಬಂದ. ಮೈಗೆಲ್ಲ ಇಂಜಿನ್ ಎಣ್ಣೆ. ಡೋಲು, ಹಂದಿ, ಕಾವಾ, ಚಾಪೆ ಎಲ್ಲ ನೋಡಿ ದಂಗಾಗಿ ನಿಂತವನಿಗೆ ವಿಕಾ ಕಿವಿಯಲ್ಲಿ ಏನು ಊದಿದಳೋ, ಅವನು ನೇರವಾಗಿ ಫೊಲಾವುವಿನ ಬಳಿಗೆ ಬಂದು ಗಟ್ಟಿಯಾಗಿ ತಬ್ಬಿಕೊಂಡ. ಬಿಳಿ ಅಂಗಿಯ ಮೇಲೆ ಎರಡು ಕಪ್ಪು ಹಸ್ತ ಮೂಡಿದವು.

“ಇದಕ್ಕೆಲ್ಲ ನೀನೇ ಕಾರಣ ಅಂತೆ! ಹೆಣ್ಣು ಒಪ್ಪಿದ್ದೂ ನೀನು ಒಳಗೆ ಹೋಗಿ ಮಾತಾಡಿದ ಮೇಲೇನೇ ಅಂತೆ! ನನಗೆ ಒಡಹುಟ್ಟಿದೋರೂ ಇಷ್ಟು ಮಾಡ್ತಿರಲಿಲ್ಲ ಕಣೋ!”



ಊಟಕ್ಕೆ ಮುಂಚೆ ಗಂಡಿನ ಕಡೆಯಿಂದ ಒಬ್ಬರು ಮಾತಾಡಬೇಕಿತ್ತು. ಮೊಸೆಸೆಯ ಗಂಟಲು ಕಟ್ಟಿಹೋಗಿತ್ತು. ಸಿಯಾಲೆ ಫೊಲಾವುವಿನ ಕೈ ಹಿಡಿದು ನಡುವೆ ತಂದು ನಿಲ್ಲಿಸಿದ. “ನನ್ನ ಕಡೆಯಿಂದ ಇವನೇ ಮಾತಾಡ್ಲಿ.”

ಬೇರೆ ದಾರಿ ಇರಲಿಲ್ಲ. ಫೊಲಾವು ಸೊಂಟದ ಚಾಪೆ ಸರಿಮಾಡಿಕೊಂಡು ಲೂಪೆಯ ಬಗ್ಗೆ ಮಾತಾಡಿದ. ಅವಳು ಹಿಟ್ಟು ನಾದುವಾಗ ಗುನುಗುವುದನ್ನು ಹೇಳಿದ. ಮೊದಲ ರೊಟ್ಟಿಯನ್ನು ಮುರಿದು ನೋಡಿ ತಾನೇ ನಗುವುದನ್ನು ಹೇಳಿದ. ಮಳೆ ಬರುವ ಮುಂಚೆ ಅವಳು ಕಿಟಕಿಯಿಂದ ಕೈ ಚಾಚಿ ಆಕಾಶವನ್ನು ಮುಟ್ಟಿ ನೋಡುವ ಹಾಗೆ ಮಾಡುತ್ತಾಳೆ. ಇಂಥವಳ ಜೊತೆ ಒಂದು ಗಂಟೆ ಸಿಕ್ಕವನಿಗೂ ದಿನ ತುಂಬಿತು ಅನ್ನಿಸುತ್ತದೆ, ಇಡೀ ಬಾಳು ಸಿಕ್ಕವನಿಗೆ ಹೇಗನ್ನಿಸುವುದೋ ತನಗೆ ಗೊತ್ತಿಲ್ಲ ಎಂದ. ಅವನು ತನ್ನ ಜನ್ಮದಲ್ಲಿ ಅಷ್ಟು ಮಾತಾಡಿರಲಿಲ್ಲ. ಮುಗಿಸುವ ಹೊತ್ತಿಗೆ ಬ್ಯಾಂಡಿನವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಲೂಪೆ ತಲೆ ತಗ್ಗಿಸಿ ಕೂತಿದ್ದಳು. ಹಳದಿ ಹೂಗಳ ಮೇಲೆ ಏನೋ ತೊಟ್ಟಿಕ್ಕಿದ್ದನ್ನು ಸಿಯಾಲೆ ಸಂತೋಷಕ್ಕೆ ಎಂದುಕೊಂಡ.

ಎಲ್ಲರಿಗಿಂತ ಜೋರಾಗಿ ಅತ್ತವಳು ಅತ್ತೆ. ಹಂದಿಯ ಗರಿಗರಿ ಕಿವಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಫೊಲಾವುವಿನ ತಲೆಗೆ ಮೊಟಕಿದಳು.

“ಮುಂಡೇದೇ! ಇಷ್ಟು ಚೆನ್ನಾಗಿ ಮಾತಾಡ್ತೀಯಲ್ಲೋ! ಒಂದು ದಿನ ಒಬ್ಬನೇ ಬಂದು ಈ ಮಾತನ್ನ ಅವಳಿಗೇ ಹೇಳೋಕೆ ನಿನಗೆ ಏನಾಗಿತ್ತೋ ಧಾಡಿ?”